ಮ್ಯಾಕ್ರೋಫೇಜಿನಲ್ಲಿ ಮಿರ್-155ರ ಬಾಯಿ ಕಟ್ಟುವುದು: ಕಾರವಾರ, ಶಿರಸಿ ಕಡೆಯ ಲ್ಯಾಬುಗಳಿಗೆ ಒಂದು ಕೈಪಿಡಿ

ಹೀಲಾದಂಥ ಲ್ಯಾಬಿನ ಮಾಮೂಲಿ ಕೋಶಗಳಿಗೆ ಆಂಟಿಮಿರ್ (ಮೈಕ್ರೋಆರ್‌ಎನ್‌ಎಯನ್ನು ಕಟ್ಟಿಹಾಕುವ ಕೃತಕ ಸರಣಿ) ಕೊಡುವುದು ಸುಲಭ. ಅದೇ ಕ್ರಮ ರೋಗಾಣು ನುಂಗುವ ರಕ್ಷಣಾ ಕೋಶವಾದ ಮ್ಯಾಕ್ರೋಫೇಜಿಗೆ ಬಂದಾಗ ಕೈಕೊಡುತ್ತದೆ. ಹೊರಗಿನಿಂದ ಬಂದ ನ್ಯೂಕ್ಲಿಯಿಕ್ ಆಮ್ಲವನ್ನು ಗುರುತು ಹಿಡಿಯುವುದೇ ಆ ಕೋಶದ ಕಸುಬು. ನಾವು ಕಳಿಸುವ ತುಂಡು, ಅದನ್ನು ಹೊತ್ತು ಹೋಗುವ ಲಿಪಿಡ್, ನೀರಿನಲ್ಲಿ ಉಳಿದಿರುವ ಬ್ಯಾಕ್ಟೀರಿಯಾದ ಗೋಡೆಯ ಚೂರು, ಇವುಗಳಲ್ಲಿ ಯಾವುದಕ್ಕಾದರೂ ಅದು ಕೆರಳಬಹುದು. ಕೆರಳಿದ ಮ್ಯಾಕ್ರೋಫೇಜ್ ಬೇಗ ಏರಿಸುವ ಮೈಕ್ರೋಆರ್‌ಎನ್‌ಎಗಳಲ್ಲಿ ಮಿರ್-155 ಒಂದು. ಮಲಗಿಸಲು ಹೋದವರೇ ಅದನ್ನು ಎಬ್ಬಿಸಿ ಬಂದಂತೆ. ಹಾಗಾಗಿ ಇಲ್ಲಿ ಸರಣಿಯನ್ನು ಕೋಶದೊಳಗೆ ಸೇರಿಸುವ ಟ್ರಾನ್ಸ್‌ಫೆಕ್ಷನ್‌ಗಿಂತ ಅದರ ಹಿಂದುಮುಂದಿನ ಎಚ್ಚರಕ್ಕೇ ಹೆಚ್ಚು ಜಾಗ.

ಮೈಕ್ರೋಆರ್‌ಎನ್‌ಎ ಸುಮಾರು 22 ನ್ಯೂಕ್ಲಿಯೋಟೈಡ್ ಉದ್ದದ ಆರ್‌ಎನ್‌ಎ. ಆರ್ಗೋನಾಟ್ ಪ್ರೋಟೀನಿನಲ್ಲಿ ಕೂತು, ತನ್ನ 2ರಿಂದ 8ನೇ ಅಕ್ಷರದವರೆಗಿನ ‘ಸೀಡ್’ ಭಾಗದಿಂದ ಎಂಆರ್‌ಎನ್‌ಎಗಳನ್ನು ಹಿಡಿದು, ಅವುಗಳಿಂದ ಆಗುವ ಪ್ರೋಟೀನನ್ನು ತಗ್ಗಿಸುತ್ತದೆ. 1993ರಲ್ಲಿ ಪುಟ್ಟ ಹುಳುವೊಂದರಲ್ಲಿ ಇದರ ಜಾಡು ಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಸಿಕ್ಕಿತು. ಆಂಟಿಮಿರ್ ಎಂದರೆ ಆ ತುಂಡಿಗೆ ಪೂರಕವಾಗಿ ಕೂಡಿಸಿದ ಕೃತಕ ಸರಣಿ. ಅದು ಮೈಕ್ರೋಆರ್‌ಎನ್‌ಎಗೆ ಗಟ್ಟಿಯಾಗಿ ಅಂಟಿ ಸೀಡ್ ಭಾಗವನ್ನು ಮುಚ್ಚಿಬಿಡುತ್ತದೆ. ಮಿರ್-155 ತಗ್ಗಿಸುವ ಪ್ರೋಟೀನುಗಳಲ್ಲಿ ಶಿಪ್-1 ಮತ್ತು ಸಾಕ್ಸ್-1 ಮುಖ್ಯ. ಇವೆರಡೂ ಉರಿಯೂತಕ್ಕೆ ಹಾಕಿದ ಬ್ರೇಕು. ಮಿರ್-155 ಕಟ್ಟಿದರೆ ಬ್ರೇಕು ಮರಳಿ ಹಿಡಿಯಬೇಕು. ಪ್ರಯೋಗದಲ್ಲಿ ಕಾಣಬೇಕಾದದ್ದು ಇಷ್ಟೇ.

ಸರಣಿ ಆರಿಸುವಾಗ

15 ಅಕ್ಷರದ ಎಲ್‌ಎನ್‌ಎ–ಡಿಎನ್‌ಎ ಮಿಶ್ರ ಸರಣಿ, ಉದ್ದಕ್ಕೂ ಫಾಸ್ಫೊರೋಥಯೋಯೇಟ್ ಕೊಂಡಿ: ಇದನ್ನೇ ತೆಗೆದುಕೊಳ್ಳಿ. (ಎಲ್‌ಎನ್‌ಎ ಅಂದರೆ ಗಟ್ಟಿಯಾಗಿ ಅಂಟುವಂತೆ ಸಕ್ಕರೆ ಭಾಗವನ್ನು ಬಿಗಿದ ಅಕ್ಷರ. ಫಾಸ್ಫೊರೋಥಯೋಯೇಟ್ ಅಂದರೆ ಕಿಣ್ವಕ್ಕೆ ಬೇಗ ಬಗ್ಗದ, ಗಂಧಕ ಸೇರಿದ ಕೊಂಡಿ.) ಹೆಪಟೈಟಿಸ್-ಸಿ ವಿರುದ್ಧ ಮನುಷ್ಯರಲ್ಲಿ ಪರೀಕ್ಷಿಸಿದ ಮಿರಾವಿರ್ಸೆನ್ ಇದೇ ಬಗೆಯದು. 2005ರಲ್ಲಿ ಇಲಿಗಳಲ್ಲಿ ತೋರಿಸಿದ, ಕೊಲೆಸ್ಟೆರಾಲ್ ಅಂಟಿಸಿದ ಉದ್ದನೆಯ ಆಂಟಾಗೊಮಿರ್‌ಗಳೂ ಕೆಲಸ ಮಾಡುತ್ತವೆ, ಆದರೆ ಪ್ರಮಾಣ ಜಾಸ್ತಿ ಬೇಕು. ಒಂದೊಂದು ಎಲ್‌ಎನ್‌ಎ ಅಕ್ಷರ ಅಂಟಿನ ಕರಗುಬಿಂದುವನ್ನು 2ರಿಂದ 8 ಡಿಗ್ರಿ ಏರಿಸುವುದರಿಂದ 15 ಅಕ್ಷರ ಸಾಕಾಗುತ್ತದೆ.

ಮಾನವನ ಮಿರ್-155-5ಪಿಯ 2ರಿಂದ 16ನೇ ಅಕ್ಷರಗಳಿಗೆ ಪೂರಕ ಸರಣಿ, 5ನೇ ಕಾರ್ಬನ್ ತುದಿಯಿಂದ ಓದಿದರೆ: ಟಿಸಿಎ ಸಿಜಿಎ ಟಿಟಿಎ ಜಿಸಿಎ ಟಿಟಿಎ. ಇಲಿಯ ಮಿರ್-155ಕ್ಕೆ: ಟಿಸಿಎ ಸಿಎಎ ಟಿಟಿಎ ಜಿಸಿಎ ಟಿಟಿಎ. ವ್ಯತ್ಯಾಸ ಐದನೆಯ ಅಕ್ಷರದಲ್ಲಿ ಮಾತ್ರ. ಆ ಒಂದಕ್ಷರಕ್ಕೆ ಎರಡು ಪರಿಣಾಮವಿದೆ. ಮಾನವನ ಸರಣಿಯನ್ನು ಇಲಿಯ ಮ್ಯಾಕ್ರೋಫೇಜ್ ಮಾದರಿಯಾದ ರಾ 264.7 ಕೋಶಕ್ಕೆ ಕೊಟ್ಟರೆ ಹಿಡಿತ ಸಡಿಲಾಗುತ್ತದೆ. ಎರಡನೆಯದನ್ನು ಬಹಳ ಮಂದಿ ನೋಡುವುದಿಲ್ಲ: ಮಾನವನ ಸರಣಿಯಲ್ಲಿ ನಾಲ್ಕು ಮತ್ತು ಐದನೆಯ ಜಾಗದಲ್ಲಿ ಸಿ ಪಕ್ಕ ಜಿ ಇದೆ, ಇಲಿಯದರಲ್ಲಿ ಇಲ್ಲ. ಮಿಥೈಲ್ ಇಲ್ಲದ ಸಿ-ಜಿ ಜೋಡಿಯನ್ನು ಬ್ಯಾಕ್ಟೀರಿಯಾದ ಡಿಎನ್‌ಎ ಎಂದು ಓದುವ ಗ್ರಾಹಕ ಟಿಎಲ್‌ಆರ್-9, ಫಾಸ್ಫೊರೋಥಯೋಯೇಟ್ ಸರಣಿಯಲ್ಲೂ ಅದನ್ನು ಓದುತ್ತದೆ. ಆದ್ದರಿಂದ ಮಾನವ ಕೋಶಕ್ಕೆ ತರಿಸುವಾಗ ಆ ಜಾಗದ ಸಿ ಅಕ್ಷರ ಮಿಥೈಲ್ ಸೈಟೋಸಿನ್ ಇರುವ ಎಲ್‌ಎನ್‌ಎ ಆಗಿರಲಿ ಎಂದು ಬರೆದು ಕೇಳಿ.

ಎಲ್‌ಎನ್‌ಎ ಅಕ್ಷರಗಳನ್ನು ಸರಣಿಯುದ್ದಕ್ಕೂ ಹರಡಿ ಕೂರಿಸಬೇಕು. ಸಾದಾ ಡಿಎನ್‌ಎ ಒಂದೇ ಕಡೆ ಐದಾರು ಅಕ್ಷರ ಸಾಲಾಗಿ ಬಂದರೆ ಆರ್‌ಎನ್‌ಏಸ್-ಎಚ್ ಕಿಣ್ವ ಬಂದು, ಸರಣಿಗೆ ಹೊಂದುವ ಬೇರೆ ಆರ್‌ಎನ್‌ಎಗಳನ್ನೂ ಕತ್ತರಿಸೀತು. ಮೂರಕ್ಕಿಂತ ಹೆಚ್ಚು ಡಿಎನ್‌ಎ ಒಟ್ಟಿಗೆ ಬೇಡ. ಇಲಿಯ ಸರಣಿಯ ನಡುವಿನ ‘ಎಎಟಿಟಿ’ ತನಗೆ ತಾನೇ ಪೂರಕ. ಆ ನಾಲ್ಕನ್ನೂ ಎಲ್‌ಎನ್‌ಎ ಮಾಡಿದರೆ ಆಂಟಿಮಿರ್‌ಗಳು ಒಂದಕ್ಕೊಂದು ಅಂಟಿಕೊಂಡು ಕೂರುವ ಸಂಭವ ಹೆಚ್ಚು.

ಕಂಟ್ರೋಲ್ ಸರಣಿಗೆ ಕಂಪನಿಯ ಸಿದ್ಧ ‘ಸ್ಕ್ರಾಂಬಲ್’ (ಅಕ್ಷರ ಕಲಸಿದ, ಗುರಿಯಿಲ್ಲದ ಸರಣಿ) ತಂದು ಕೈತೊಳೆದುಕೊಳ್ಳಬೇಡಿ. ಉದ್ದ, ಎಲ್‌ಎನ್‌ಎ ಸಂಖ್ಯೆ, ಕೊಂಡಿಯ ಬಗೆ ಎಲ್ಲವೂ ಆಂಟಿಮಿರ್‌ನಂತೆಯೇ ಇರಬೇಕು. ಆಂಟಿಮಿರ್‌ನಲ್ಲಿ ಸಿ-ಜಿ ಜೋಡಿ ಇದ್ದರೆ ಸ್ಕ್ರಾಂಬಲ್‌ನಲ್ಲೂ ಒಂದು, ಅದೇ ಜಾಗದಲ್ಲಿ, ಅದೇ ಮಿಥೈಲ್‌ನೊಂದಿಗೆ ಇರಲಿ. ಇಲ್ಲದಿದ್ದರೆ ಟಿಎಲ್‌ಆರ್-9ರ ಗದ್ದಲವನ್ನು ಮಿರ್-155 ಕಟ್ಟಿದ ಫಲ ಎಂದು ಬರೆದುಕೊಳ್ಳುತ್ತೀರಿ. ಮಿರ್-155ರ ಬದಲು ಮಿರ್-146ಎ ಹಿಡಿಯುವವರಿಗೆ ಒಂದು ಮಾತು: 146ಎ ಮತ್ತು 146ಬಿ ಮೊದಲ 17 ಅಕ್ಷರದವರೆಗೆ ಒಂದೇ. ಇದೇ ಜಾಗದ 15 ಅಕ್ಷರದ ಆಂಟಿಮಿರ್ ಎರಡನ್ನೂ ಕಟ್ಟುತ್ತದೆ, ಬರೆಯುವಾಗ ಹಾಗೆಂದೇ ಬರೆಯಿರಿ.

ತರಿಸುವುದು, ಕರಗಿಸುವುದು

ಎಚ್‌ಪಿಎಲ್‌ಸಿಯಲ್ಲಿ ಶುದ್ಧ ಮಾಡಿ ಸೋಡಿಯಂ ಲವಣಕ್ಕೆ ಬದಲಿಸಿದ 5 ನ್ಯಾನೋಮೋಲ್ ಪುಡಿ ತರಿಸಿ. ಸೋಡಿಯಂಗೆ ಬದಲಿಸದ ಪುಡಿಯಲ್ಲಿ ಶುದ್ಧೀಕರಣದ ಅಮೋನಿಯಂ ಲವಣ ಉಳಿದು ಕೋಶ ಸಾಯಿಸುತ್ತದೆ. ಒಣ ಪುಡಿ ಕೆಲವು ದಿನ ಹೊರಗಿನ ಬಿಸಿಗೆ ಹೆದರುವುದಿಲ್ಲ, ಅದಕ್ಕೆ ಡ್ರೈ ಐಸ್ ಕಾಸು ಕೊಡುವುದು ದಂಡ. ಹೆದರಬೇಕಾದದ್ದು ಲಿಪಿಡ್ ರೀಏಜೆಂಟಿಗೆ. ಲಿಪೊಫೆಕ್ಟಮೀನ್ ಆರ್‌ಎನ್‌ಎಐಮ್ಯಾಕ್ಸ್ 4 ಡಿಗ್ರಿಯಲ್ಲಿ ಇರಬೇಕು, ಗಟ್ಟಿಯಾದರೆ ಕೆಟ್ಟಿತು. ಸೀರಂ ಜೊತೆ ಒಂದೇ ಪೆಟ್ಟಿಗೆಯಲ್ಲಿ ಡ್ರೈ ಐಸ್ ಮೇಲೆ ಬಂದ ಬಾಟಲಿಯನ್ನು ಮರಳಿಸಿ. ಸೀರಂ ಮಾತ್ರ ಹೆಪ್ಪುಗಟ್ಟಿದ ಹಾಗೆಯೇ ಬರಬೇಕು. 2021ರ ಜುಲೈನಲ್ಲಿ ಅರಬೈಲ್ ಘಟ್ಟ, 2024ರ ಜುಲೈನಲ್ಲಿ ಅಂಕೋಲೆ ಹತ್ತಿರದ ಶಿರೂರು, ಗುಡ್ಡ ಜಾರಿ ಹೆದ್ದಾರಿ ನಿಂತದ್ದು ನೆನಪಿದ್ದವರು ಸೀರಂ ಮತ್ತು ರೀಏಜೆಂಟನ್ನು ಮೇ ತಿಂಗಳಲ್ಲೇ ಇಳಿಸಿಕೊಳ್ಳುತ್ತಾರೆ.

ಫ್ರೀಜರಿನಿಂದ ತೆಗೆದ ಟ್ಯೂಬನ್ನು ಆಷಾಢದ ಕಾರವಾರದಲ್ಲಿ ತಕ್ಷಣ ತೆರೆದರೆ ಗಾಳಿಯ ನೀರು ಒಳಗೇ ಹನಿಯಾಗುತ್ತದೆ. ಟ್ಯೂಬು ಕೋಣೆಯ ಬಿಸಿಗೆ ಬರಲಿ. ನಂತರ ಒಂದು ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪುಡಿಯನ್ನು ತಳಕ್ಕೆ ತನ್ನಿ, ಇಲ್ಲದಿದ್ದರೆ ಮುಚ್ಚಳದಲ್ಲಿ ಅಂಟಿದ್ದು ಹಾರಿಹೋಗುತ್ತದೆ. 5 ನ್ಯಾನೋಮೋಲ್‌ಗೆ 50 ಮೈಕ್ರೋಲೀಟರ್ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಗೋಡೆಯ ಚೂರು, ಅಂದರೆ ಎಲ್‌ಪಿಎಸ್) ಇಲ್ಲದ ಟಿಇ ಬಫರ್ ಹಾಕಿದರೆ 100 ಮೈಕ್ರೋಮೋಲಾರ್. ಹತ್ತು ನಿಮಿಷ ಬಿಟ್ಟು ಮೆಲ್ಲಗೆ ತಟ್ಟಿ ಕಲಸಿ. ಅದರಿಂದ 10 ಮೈಕ್ರೋಮೋಲಾರ್‌ನ ಸಣ್ಣ ಪಾಲುಗಳನ್ನು ಮಾಡಿ ಮೈನಸ್ 20ರಲ್ಲಿಡಿ. ಒಂದು ಪಾಲು ನಾಲ್ಕೈದು ಸಲಕ್ಕಿಂತ ಹೆಚ್ಚು ಕರಗಿ ಹೆಪ್ಪಾಗುವುದು ಬೇಡ.

ಕೋಶಗಳು

ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ರಾ 264.7 ಮತ್ತು ಮಾನವನ ಟಿಎಚ್‌ಪಿ-1 ಎರಡನ್ನೂ ತರಿಸಬಹುದು. ಕಲಿಯಲು ರಾ ಕೋಶ ಒಳ್ಳೆಯದು. ಡಿಎಂಇಎಂ ಮತ್ತು ಶೇ. 10 ಸೀರಂ ಸಾಕು. ಬಿಡಿಸುವಾಗ ಟ್ರಿಪ್ಸಿನ್ ಬೇಡ, ಸ್ಕ್ರೇಪರ್‌ನಿಂದ ಮೆಲ್ಲಗೆ ಕೆರೆಯಿರಿ. ತಟ್ಟೆ ತುಂಬಿ ಕೋಶಗಳು ಉದ್ದುದ್ದ ಕೈಕಾಲು ಚಾಚಿದ್ದರೆ ಅವು ಆಗಲೇ ಕೆರಳಿವೆ, ಆ ತಂಡ ಬಿಟ್ಟುಬಿಡಿ. 20ನೇ ಪ್ಯಾಸೇಜ್ (ಹೊಸ ತಟ್ಟೆಗೆ ಬಿಡಿಸಿ ಬೆಳೆಸುವ ಸರದಿ) ದಾಟಿದ ಕೋಶಕ್ಕೆ ಎಲ್‌ಪಿಎಸ್ ಕೊಟ್ಟಾಗ ಬರುವ ಪ್ರತಿಕ್ರಿಯೆ ಮಂಕಾಗುತ್ತ ಹೋಗುತ್ತದೆ.

ಟಿಎಚ್‌ಪಿ-1 ತೇಲುವ ಮೊನೊಸೈಟ್ ಕೋಶ, ಮ್ಯಾಕ್ರೋಫೇಜಿನ ಹಿಂದಿನ ಹಂತ. ಆರ್‌ಪಿಎಂಐ 1640, ಶೇ. 10 ಸೀರಂ, 0.05 ಮಿಲಿಮೋಲಾರ್ ಮರ್ಕಾಪ್ಟೋಎಥನಾಲ್. ಮ್ಯಾಕ್ರೋಫೇಜ್ ಮಾಡಲು ಪಿಎಂಎ ಎಂಬ ರಾಸಾಯನಿಕ 25 ನ್ಯಾನೋಮೋಲಾರ್ 48 ತಾಸು, ಆಮೇಲೆ ಪಿಎಂಎ ಇಲ್ಲದ ದ್ರಾವಣದಲ್ಲಿ 24 ತಾಸು ವಿಶ್ರಾಂತಿ. 100 ಹಾಕುವವರೂ ಇದ್ದಾರೆ, ಆದರೆ ಹೆಚ್ಚಿನ ಪಿಎಂಎ ತಾನೇ ಉರಿಯೂತದ ಜೀನುಗಳನ್ನು ತೆರೆದಿಟ್ಟಿರುತ್ತದೆ. ವಿಶ್ರಾಂತಿಯ ದಿನವನ್ನು ಉಳಿಸಲು ಹೋಗಬೇಡಿ.

ಯಾವ ಕೋಶವಾದರೂ ಮೈಕೋಪ್ಲಾಸ್ಮಾ ಪರೀಕ್ಷೆ ತಿಂಗಳಿಗೊಮ್ಮೆ ಆಗಲೇಬೇಕು. ಮೈಕೋಪ್ಲಾಸ್ಮಾದ ಲಿಪೊಪ್ರೋಟೀನು ಟಿಎಲ್‌ಆರ್-2 ಗ್ರಾಹಕವನ್ನು ಒತ್ತಿ ಹಿಡಿದಿರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಎಲ್‌ಪಿಎಸ್ ಕೊಡದ ಬಾವಿಯಲ್ಲೂ (ತಟ್ಟೆಯ ಗುಳಿಯಲ್ಲೂ) ಮಿರ್-155 ಏರಿರುತ್ತದೆ ಅಷ್ಟೆ.

ಎಂಡೋಟಾಕ್ಸಿನ್

ನಮ್ಮ ಕಡೆ ಬೋರ್ಡೋ ದ್ರಾವಣ ಕೂಡಿಸಿದ ಮೇಲೆ ಕತ್ತಿ ಅದ್ದಿ ನೋಡದೆ ಅಡಿಕೆಗೆ ಹೊಡೆಯುವವರಿಲ್ಲ. ತಾಮ್ರ ಹೆಚ್ಚಾಗಿದ್ದರೆ ಕತ್ತಿಯ ಅಲಗು ಕೆಂಪಗಾಗಿ ಹೇಳಿಬಿಡುತ್ತದೆ. ಮ್ಯಾಕ್ರೋಫೇಜಿಗೆ ಕೊಡುವ ಪ್ರತಿಯೊಂದು ದ್ರಾವಣಕ್ಕೂ ಅಂಥ ಒಂದು ಕತ್ತಿ ಬೇಕು. ಅದು ಎಂಡೋಟಾಕ್ಸಿನ್ ಇದೆಯೇ ಎಂದು ಹೇಳುವ ಎಲ್‌ಎಎಲ್ ಪರೀಕ್ಷೆ. (ಆ ರೀಏಜೆಂಟು ಅಮೆರಿಕದ ಲಾಳ ಏಡಿಯ ರಕ್ತದಿಂದ ಬರುತ್ತದೆ. ಅದರ ಬಂಧುಗಳು ನಮ್ಮ ದೇಶದಲ್ಲಿ ಇರುವುದು ಒಡಿಶಾ, ಬಂಗಾಳದ ಕಡಲಲ್ಲಿ.)

ಲೆಕ್ಕ ಹೀಗೆ: 1 ಎಂಡೋಟಾಕ್ಸಿನ್ ಯೂನಿಟ್ ಅಂದರೆ ಸುಮಾರು 0.1 ನ್ಯಾನೋಗ್ರಾಂ ಎಲ್‌ಪಿಎಸ್. ಮಿಲಿಲೀಟರಿಗೆ ಕೆಲವೇ ಹತ್ತು ಪಿಕೋಗ್ರಾಂ ಇದ್ದರೂ ಮಾನವನ ಮೊನೊಸೈಟ್ ಅದನ್ನು ಕಂಡುಹಿಡಿಯುತ್ತದೆ. ಆದ್ದರಿಂದ ಬಾವಿಯಲ್ಲಿ ಕೊನೆಗೆ ಉಳಿಯುವ ಪ್ರಮಾಣ ಮಿಲಿಲೀಟರಿಗೆ 0.1 ಯೂನಿಟ್‌ಗಿಂತ ಕೆಳಗಿರಬೇಕು. ಆಂಟಿಮಿರ್, ಸ್ಕ್ರಾಂಬಲ್, ಬಫರ್, ಸೀರಂ ನಾಲ್ಕನ್ನೂ ಬೇರೆಬೇರೆಯಾಗಿ ನೋಡಿ.

ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಎಲ್‌ಪಿಎಸ್ ಅನ್ನು ಉಳಿಸುತ್ತದೆ. 0.22 ಮೈಕ್ರಾನ್ ಫಿಲ್ಟರಿನಲ್ಲಿ ಅದು ತೂರಿ ಬರುತ್ತದೆ. ಗಾಜಿನ ಸಾಮಾನಾದರೆ 250 ಡಿಗ್ರಿಯ ಒಣ ಬಿಸಿಯಲ್ಲಿ 30 ನಿಮಿಷ ಇಟ್ಟರೆ ನಾಶವಾಗುತ್ತದೆ. ನೀರಿಗೆ ಆ ದಾರಿ ಇಲ್ಲ. ಡಿಸ್ಟಿಲ್ಡ್ ವಾಟರ್ ಕ್ಯಾನಿನಲ್ಲಿ ವಾರಗಟ್ಟಲೆ ನಿಂತ ನೀರಿನಲ್ಲಿ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾ ಸೊಂಪಾಗಿ ಬೆಳೆಯುತ್ತವೆ. ಕೋಶಕ್ಕೆ ಮುಟ್ಟುವ ನೀರನ್ನು ಸೀಲ್ ಮಾಡಿದ ಬಾಟಲಿಯಲ್ಲೇ ಕೊಳ್ಳಿ, ಇದರಲ್ಲಿ ಜಿಪುಣತನ ಬೇಡ.

ಮಳೆಗಾಲದ ಇನ್ನೊಂದು ತೊಂದರೆ ಬೂಷ್ಟು. ಇನ್‌ಕ್ಯುಬೇಟರಿನ ನೀರಿನ ತಟ್ಟೆಯಲ್ಲಿ, ಬಾಗಿಲಿನ ರಬ್ಬರಿನಲ್ಲಿ ಅದು ಜೂನ್ ಮುಗಿಯುವುದರೊಳಗೆ ಬಂದಿರುತ್ತದೆ. ಶಿಲೀಂಧ್ರದ ಬೀಟಾ-ಗ್ಲುಕಾನ್ ಮ್ಯಾಕ್ರೋಫೇಜಿನ ಡೆಕ್ಟಿನ್-1 ಗ್ರಾಹಕವನ್ನು ಕೆರಳಿಸುತ್ತದೆ. ಅದೇ ಗ್ಲುಕಾನ್ ಸಾದಾ ಎಲ್‌ಎಎಲ್ ಪರೀಕ್ಷೆಯನ್ನೂ ಮೋಸಗೊಳಿಸಿ ಎಂಡೋಟಾಕ್ಸಿನ್ ಇದೆ ಎಂದು ತೋರಿಸುತ್ತದೆ. ಮೂಲ ಯಾವುದೆಂದು ತಿಳಿಯಲು ಸ್ಕ್ರಾಂಬಲ್ ಕೊಟ್ಟ ಬಾವಿಗೆ, ಎಲ್‌ಪಿಎಸ್‌ಗೆ ಅಂಟಿ ಅದನ್ನು ಸುಮ್ಮನಾಗಿಸುವ ಪಾಲಿಮಿಕ್ಸಿನ್-ಬಿ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಸೇರಿಸಿ ನೋಡಿ. ಉರಿಯೂತದ ಸಂಕೇತ ಪ್ರೋಟೀನಾದ ಟಿಎನ್‌ಎಫ್ ಇಳಿದರೆ ತಪ್ಪು ಎಲ್‌ಪಿಎಸ್‌ನದು. ಇಳಿಯದಿದ್ದರೆ ಬೂಷ್ಟು, ಲಿಪಿಡ್ ಅಥವಾ ಸರಣಿಯನ್ನೇ ಅನುಮಾನಿಸಿ. ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಬದಲಿಸಿ ತೊಳೆಯುವುದು ಈ ಎಲ್ಲ ಪತ್ತೇದಾರಿಗಿಂತ ಅಗ್ಗ.

ಟ್ರಾನ್ಸ್‌ಫೆಕ್ಷನ್ ದಿನ

24 ಬಾವಿಯ ಒಂದು ತಟ್ಟೆ ಸರಿಯಾಗಿ ಸಾಲುತ್ತದೆ: ಏನೂ ಕೊಡದ ಕೋಶ, ಲಿಪಿಡ್ ಮಾತ್ರ, ಸ್ಕ್ರಾಂಬಲ್, ಆಂಟಿಮಿರ್. ನಾಲ್ಕಕ್ಕೂ ಎಲ್‌ಪಿಎಸ್ ಇದ್ದದ್ದು, ಇಲ್ಲದ್ದು. ಪ್ರತಿಯೊಂದೂ ಮೂರು ಬಾವಿ. ಈ ಮೂರು ಬಾವಿ ಒಂದೇ ಪ್ರಯೋಗದ ಪ್ರತಿಗಳು. ಅಂಕಿಅಂಶಕ್ಕೆ ಬೇರೆ ಬೇರೆ ದಿನ, ಬೇರೆ ಪ್ಯಾಸೇಜಿನಲ್ಲಿ ಮಾಡಿದ ಕನಿಷ್ಠ ಮೂರು ತಟ್ಟೆ ಬೇಕು.

ಹಿಂದಿನ ಸಂಜೆ ಬಾವಿಗೆ 1 ಲಕ್ಷ ರಾ ಕೋಶದಂತೆ, ಆ್ಯಂಟಿಬಯೋಟಿಕ್ ಇಲ್ಲದ 400 ಮೈಕ್ರೋಲೀಟರ್ ದ್ರಾವಣದಲ್ಲಿ ಬಿತ್ತಿ. ಮರುದಿನ ಒಂದು ಟ್ಯೂಬಿನಲ್ಲಿ ಬಾವಿಗೆ 50 ಮೈಕ್ರೋಲೀಟರ್ ಆಪ್ಟಿ-ಮೆಮ್ (ಸೀರಂ ಇಲ್ಲದೆ ಬಳಸುವ ದ್ರಾವಣ) ಮತ್ತು 10 ಮೈಕ್ರೋಮೋಲಾರ್ ಆಂಟಿಮಿರ್ 1.25 ಮೈಕ್ರೋಲೀಟರ್. ಇನ್ನೊಂದರಲ್ಲಿ 50 ಮೈಕ್ರೋಲೀಟರ್ ಆಪ್ಟಿ-ಮೆಮ್ ಮತ್ತು 1 ಮೈಕ್ರೋಲೀಟರ್ ಆರ್‌ಎನ್‌ಎಐಮ್ಯಾಕ್ಸ್. 1.25 ಮೈಕ್ರೋಲೀಟರನ್ನು ಒಂದೊಂದೇ ಬಾವಿಗೆ ಅಳೆದರೆ ಪಿಪೆಟ್ ಸುಳ್ಳು ಹೇಳುತ್ತದೆ. ಆರು ಬಾವಿಗೆ ಆರೂವರೆ ಪಾಲು ಒಟ್ಟಿಗೆ ಮಾಡಿಕೊಳ್ಳಿ. ಎರಡನ್ನೂ ಕೂಡಿಸಿ, ಹತ್ತು ನಿಮಿಷ ಬಿಟ್ಟು, ಬಾವಿಗೆ 100 ಮೈಕ್ರೋಲೀಟರಿನಂತೆ ಹನಿಹನಿಯಾಗಿ ಹಾಕಿ. ಒಟ್ಟು 500 ಮೈಕ್ರೋಲೀಟರಿನಲ್ಲಿ 12.5 ಪಿಕೋಮೋಲ್, ಅಂದರೆ 25 ನ್ಯಾನೋಮೋಲಾರ್. ಆರು ತಾಸಿನ ಮೇಲೆ ದ್ರಾವಣ ಬದಲಿಸಿ.

ಮೊದಲ ಸಲ 1, 5, 25, 50 ನ್ಯಾನೋಮೋಲಾರ್ ನಾಲ್ಕನ್ನೂ ನೋಡಿ, ಕೆಲಸ ಮಾಡುವ ಕನಿಷ್ಠ ಪ್ರಮಾಣದಲ್ಲಿ ನಿಲ್ಲಿ. ಎಲ್‌ಪಿಎಸ್ ಇಲ್ಲದ ಸ್ಕ್ರಾಂಬಲ್ ಬಾವಿಯ ಟಿಎನ್‌ಎಫ್, ಏನೂ ಕೊಡದ ಬಾವಿಯ ಎರಡು ಪಟ್ಟು ದಾಟಿದ್ದರೆ ಆ ಪ್ರಮಾಣ ಬೇಡ. ಮೊದಲು ಲಿಪಿಡನ್ನು ಅರ್ಧಕ್ಕಿಳಿಸಿ. ಬಹುಪಾಲು ಸಲ ತಪ್ಪಿತಸ್ಥ ಅದೇ. ವೈರಸ್ ಬಂದಿದೆಯೆಂದು ಕೋಶ ಕೂಗುವ ಜೀನುಗಳಾದ ಇಂಟರ್‌ಫೆರಾನ್-ಬೀಟಾ ಮತ್ತು ಐಫಿಟ್-1ರ ಕ್ಯುಪಿಸಿಆರ್ (ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವುದು) ಕೂಡ ಈ ಹಂತದಲ್ಲಿ ಮಾಡಿಬಿಡಿ.

24 ತಾಸಿನ ನಂತರ ಎಲ್‌ಪಿಎಸ್. ಮಿರ್-155 ಏರುವ ಮುನ್ನವೇ ಆಂಟಿಮಿರ್ ಒಳಗಿರಬೇಕು ಎಂಬುದಕ್ಕೆ ಈ ಕ್ರಮ. ಎಲ್ಲರೂ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಬರೆಯುತ್ತಾರೆ, ಆದರೆ ಅಲ್ಲಿ ಕೋಶ ಪೂರ್ತಿ ಕೂಗುತ್ತಿರುತ್ತದೆ, ಆಂಟಿಮಿರ್ ತರುವ ಸಣ್ಣ ಇಳಿತ ಕೇಳಿಸುವುದಿಲ್ಲ. 10 ಸಾಕು. ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ಸ್ಟಾಕನ್ನು ಚೆನ್ನಾಗಿ ವೋರ್ಟೆಕ್ಸ್ ಮಾಡಿ (ಎಲ್‌ಪಿಎಸ್ ಮುದ್ದೆಗಟ್ಟುತ್ತದೆ, ಟ್ಯೂಬಿನ ಗೋಡೆಗೆ ಅಂಟುತ್ತದೆ), ಸಾವಿರ ಪಟ್ಟು ತೆಳುಮಾಡಿ, ಬಾವಿಗೆ 5 ಮೈಕ್ರೋಲೀಟರ್ ಹಾಕಿ. 6 ತಾಸಿಗೆ ಮೇಲಿನ ದ್ರಾವಣ ಸ್ವಲ್ಪ ತೆಗೆದು ಟಿಎನ್‌ಎಫ್ ಅಳೆಯುವ ಎಲೈಸಾಗೆ ಇಡಿ, 24 ತಾಸಿಗೆ ಪ್ರೋಟೀನ್. ಆರ್‌ಎನ್‌ಎಗೆ ಇನ್ನೊಂದು ತಟ್ಟೆ.

ಲಿಪಿಡ್ ಇಲ್ಲದ ದಾರಿಯೂ ಇದೆ. ಬರಿಯ ಎಲ್‌ಎನ್‌ಎಯನ್ನು 1ರಿಂದ 5 ಮೈಕ್ರೋಮೋಲಾರ್ ದ್ರಾವಣಕ್ಕೆ ಹಾಕಿ ಮೂರರಿಂದ ಐದು ದಿನ ಬಿಟ್ಟರೆ ಕೋಶ ತಾನಾಗಿ ನುಂಗುತ್ತದೆ. ಲಿಪಿಡಿನ ಗದ್ದಲವಿಲ್ಲ, ವಿಭಜನೆಯಾಗದ ರಕ್ತದ ಮ್ಯಾಕ್ರೋಫೇಜಿಗೆ ಇದೇ ಉತ್ತಮ. ಖರ್ಚು ಮಾತ್ರ ನೋಡಿಕೊಳ್ಳಿ: 5 ನ್ಯಾನೋಮೋಲ್ ಪುಡಿ 25 ನ್ಯಾನೋಮೋಲಾರ್‌ನಲ್ಲಿ 400 ಬಾವಿಗೆ ಬರುತ್ತದೆ, 1 ಮೈಕ್ರೋಮೋಲಾರ್‌ನಲ್ಲಿ ಹತ್ತೇ ಬಾವಿಗೆ. ಟಿ ಕೋಶಗಳು ಲಿಪಿಡಿಗೆ ಬಗ್ಗುವುದಿಲ್ಲ, ಅವಕ್ಕೆ ಎಲೆಕ್ಟ್ರೊಪೊರೇಷನ್ ಅಥವಾ ಈ ಬರಿಗೈ ದಾರಿ. ದಾನಿಗಳ ರಕ್ತದಿಂದ ಕೋಶ ತೆಗೆಯುವುದಾದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಕೈಯಲ್ಲಿದ್ದ ಮೇಲೆಯೇ ಸೂಜಿ ಹಿಡಿಯಿರಿ.

ನಿಜವಾಗಿ ಕಟ್ಟಿತೇ?

ಹೊಳೆಯುವ ಫ್ಯಾಮ್ ಬಣ್ಣ ಹಚ್ಚಿದ ಆಂಟಿಮಿರ್ ಕೊಟ್ಟು, ಮೈಕ್ರೋಸ್ಕೋಪಿನಲ್ಲಿ ಹಸಿರು ಚುಕ್ಕೆ ಕಂಡು ಹಿಗ್ಗುವುದು ಮೊದಲ ತಪ್ಪು. ಆ ಚುಕ್ಕೆಗಳು ಎಂಡೋಸೋಮ್ ಚೀಲಗಳು. ಮ್ಯಾಕ್ರೋಫೇಜ್ ಏನನ್ನಾದರೂ ನುಂಗುತ್ತದೆ, ಚೀಲದಿಂದ ಹೊರಬಂದು ಆರ್ಗೋನಾಟ್ ಮುಟ್ಟಿದ್ದು ಎಷ್ಟು ಎಂಬುದನ್ನು ಆ ಹಸಿರು ಹೇಳುವುದಿಲ್ಲ.

ಎರಡನೆಯ ತಪ್ಪು ದೊಡ್ಡದು: ಕ್ಯುಪಿಸಿಆರ್‌ನಲ್ಲಿ ಮಿರ್-155 ಶೇ. 95 ಇಳಿದಿದೆ ಎಂದು ಕೆಲಸ ಮುಗಿಸುವುದು. ಚೀಲದಲ್ಲಿ ಸುಮ್ಮನೆ ಕೂತಿದ್ದ ಆಂಟಿಮಿರ್ ಕೂಡ ಕೋಶ ಒಡೆದಾಗ ಹೊರಬರುತ್ತದೆ, ಆರ್‌ಎನ್‌ಎ ತೆಗೆಯುವ ಟ್ರೈಜಾಲ್ ದಾಟಿ ಆರ್‌ಎನ್‌ಎ ಜೊತೆ ಬರುತ್ತದೆ, ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್ ಟ್ಯೂಬಿನಲ್ಲಿ ಮಿರ್-155ಕ್ಕೆ ಅಂಟಿ ಪ್ರೈಮರನ್ನು ದೂರವಿಡುತ್ತದೆ. ಜೀವಂತ ಕೋಶದಲ್ಲಿ ಏನೂ ಆಗಿರದಿದ್ದರೂ ಅಂಕಿ ಇಳಿಯುತ್ತದೆ. ಇದನ್ನು ಹಿಡಿಯುವುದು ಸುಲಭ. ಎಲ್‌ಪಿಎಸ್ ಮಾತ್ರ ಕೊಟ್ಟ ಕೋಶವನ್ನು ಟ್ರೈಜಾಲ್‌ನಲ್ಲಿ ಒಡೆದ ಮೇಲೆ, ಆ ಟ್ಯೂಬಿಗೆ 12.5 ಪಿಕೋಮೋಲ್ ಆಂಟಿಮಿರ್ ಹಾಕಿ. ಸತ್ತ ಕೋಶದಲ್ಲೂ ಮಿರ್-155 ‘ಇಳಿದರೆ’ ನಿಮ್ಮ ಕ್ಯುಪಿಸಿಆರ್ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಆರ್‌ಎನ್‌ಎ ತೆಗೆಯುವ ಕಿಟ್ಟು ಸಣ್ಣ ಆರ್‌ಎನ್‌ಎ ಉಳಿಸಿಕೊಳ್ಳುವಂಥದ್ದೇ ಎಂಬುದನ್ನೂ ನೋಡಿಕೊಳ್ಳಿ. ಮಾಮೂಲಿ ಕಾಲಂ 200 ಅಕ್ಷರಕ್ಕಿಂತ ಚಿಕ್ಕದನ್ನು ತೊಳೆದು ಚೆಲ್ಲುತ್ತದೆ.

ನಂಬಬೇಕಾದದ್ದು ಶಿಪ್-1 ಪ್ರೋಟೀನ್ ಎಷ್ಟಿದೆ ಎಂದು ತೋರಿಸುವ ವೆಸ್ಟರ್ನ್ ಬ್ಲಾಟ್. ಸುಮಾರು 145 ಕಿಲೋಡಾಲ್ಟನ್, ಆದ್ದರಿಂದ ಶೇ. 8ರ ಜೆಲ್ ಮತ್ತು ತುಸು ದೀರ್ಘ ಟ್ರಾನ್ಸ್‌ಫರ್. ಮೂರು ಬಾವಿಯ ಕೋಶ ಕೂಡಿಸಿದರೆ ಪ್ರೋಟೀನ್ ಸಾಕಾಗುತ್ತದೆ. ಸ್ಕ್ರಾಂಬಲ್ ಕೊಟ್ಟ ಕೋಶದಲ್ಲಿ ಎಲ್‌ಪಿಎಸ್ ನಂತರ ಶಿಪ್-1 ಇಳಿಯಬೇಕು, ಆಂಟಿಮಿರ್ ಕೊಟ್ಟದ್ದರಲ್ಲಿ ಇಳಿತ ತಡೆಯಬೇಕು. ವ್ಯತ್ಯಾಸ ಒಂದೂವರೆ ಪಟ್ಟು ಬಂದರೆ ಅದು ಒಳ್ಳೆಯ ಫಲ. ಮೈಕ್ರೋಆರ್‌ಎನ್‌ಎ ಒಂದೊಂದು ಗುರಿಯನ್ನು ಅಷ್ಟೇ ತಗ್ಗಿಸುವುದು, ಹತ್ತು ಪಟ್ಟು ಏರಿದೆ ಎಂದರೆ ಬೇರೇನೋ ನಡೆದಿದೆ. ಟಿಎನ್‌ಎಫ್ ಸಾಮಾನ್ಯವಾಗಿ ಇಳಿಯುತ್ತದೆ, ಆದರೆ ಟಿಎನ್‌ಎಫ್ ಹತ್ತು ಕಾರಣಕ್ಕೆ ಇಳಿಯಬಹುದು, ಅದೊಂದನ್ನೇ ಹಿಡಿದು ತೀರ್ಮಾನ ಬೇಡ.

ಲುಸಿಫರೇಸ್ ಸೆನ್ಸರ್ ಪ್ಲಾಸ್ಮಿಡ್ (ಮಿರ್-155 ಕಟ್ಟಿದರೆ ಬೆಳಕು ಏರಿಸುವ ಡಿಎನ್‌ಎ ಉಂಗುರ) ಬಳಸುವ ಆಸೆಯಿದ್ದರೆ ಅದನ್ನು ಎಚ್‌ಇಕೆ 293ಟಿ ಕೋಶದಲ್ಲಿ, ಮಿರ್-155ರ ಮಿಮಿಕ್ (ಕೃತಕ ನಕಲು) ಸೇರಿಸಿ ಮಾಡಿ. ಮ್ಯಾಕ್ರೋಫೇಜಿಗೆ ಪ್ಲಾಸ್ಮಿಡ್ ತುರುಕಿದರೆ ಹೊರಗಿನ ಡಿಎನ್‌ಎ ಗುರುತಿಸುವ ಸಿಗ್ಯಾಸ್–ಸ್ಟಿಂಗ್ ಮಾರ್ಗ ಎದ್ದು ಇಂಟರ್‌ಫೆರಾನ್ ಸುರಿಯುತ್ತದೆ, ಸೆನ್ಸರಿನ ಅಂಕಿಗೆ ಅರ್ಥವಿರುವುದಿಲ್ಲ.

ರಾ ಕೋಶದಲ್ಲಿ ಮೊದಲ ದಿನ ಚೆನ್ನಾಗಿದ್ದ ಫಲ ಮೂರನೇ ದಿನ ಮಾಯವಾದರೆ ಸರಣಿ ಕೆಟ್ಟಿದೆ ಎಂದುಕೊಳ್ಳಬೇಡಿ. ಎಲ್‌ಎನ್‌ಎ ದಿನಗಟ್ಟಲೆ ಬಾಳುತ್ತದೆ. ಕೋಶ ಒಂದು ಎರಡಾದಾಗಲೆಲ್ಲ ಒಳಗಿನ ಆಂಟಿಮಿರ್ ಅರ್ಧವಾಗುತ್ತದೆ, ಮೂರು ದಿನಕ್ಕೆ ನಾಲ್ಕೈದು ಸಲ. ಉದ್ದ ಪ್ರಯೋಗ ಬೇಕಿದ್ದರೆ ವಿಭಜನೆ ನಿಲ್ಲಿಸಿದ ಟಿಎಚ್‌ಪಿ-1ಕ್ಕೆ ಬನ್ನಿ. ಹಾಗೆ ಬರುವಾಗ ಸರಣಿಯೂ ಮಾನವನದೇ ಆಗಬೇಕು, ಆ ಐದನೆಯ ಅಕ್ಷರ ಜಿ.

ಕರೆಂಟು ಹೋಗಿ ಇನ್‌ಕ್ಯುಬೇಟರ್ ತಣ್ಣಗಾದ ದಿನ ತಟ್ಟೆಯ ಕೋಶಗಳು ಬದುಕಿಯೇ ಇರುತ್ತವೆ, ಮುಂದುವರಿಸೋಣ ಎನಿಸುತ್ತದೆ. ಎಲ್‌ಪಿಎಸ್ ಕೊಟ್ಟ ಮೇಲಿನ ಆರು ತಾಸಿನೊಳಗೆ ಹಾಗಾಗಿದ್ದರೆ ಆ ತಟ್ಟೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೈಪೋಕ್ಲೋರೈಟಿನಲ್ಲಿ ನೆನೆಸಿ, ಹಳದಿ ಚೀಲಕ್ಕೆ ಹಾಕಿ, ಸಂಜೆಗೆ ಹೊಸ ಕೋಶ ಬಿತ್ತಿ.